ಏಡಿಯೂ ಭಾರಲೋಹಗಳೂ

ಕೊಪ್ಪಳದಿಂದ ಕಾರವಾರದ ಕಡಲು ಮುನ್ನೂರು ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿರುವದು. ನಮ್ಮ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳು ಕಡಲನ್ನು ಕಂಡವರಲ್ಲ. ನಾನೂ ಕಂಡದ್ದು ಒಂದೇ ಒಂದು ಸಲ. ಹೀಗಿರಲಾಗಿ ಬಯಲುಸೀಮೆಯ ಬಿ. ಎ. ವಿದ್ಯಾರ್ಥಿಯೊಬ್ಬನು ಕಡಲಂಚಿನ ಏಡಿಗಳ ಸಂಕಟವನ್ನು ಕುರಿತು ಬರೆಯಹೊರಟರೆ ವಾಚಕರು ನಗಬಹುದು. ಆದರೆ ಕೊಪ್ಪಳವನ್ನು ಹಾದುಹೋಗುವ ಹೆದ್ದಾರಿ ಹೊಸಪೇಟೆಯ ಕಡೆಯಿಂದ ಬಂದು ಹುಬ್ಬಳ್ಳಿಯ ಮೇಲೆ ಅಂಕೋಲೆಯ ಕಡಲಿಗೆ ಇಳಿಯುವದೆಂಬುದನ್ನೂ, ಕಬ್ಬಿಣದ ಅದಿರು ಹೊತ್ತ ಲಾರಿಗಳು ಎಷ್ಟೋ ವರ್ಷ ಈ ಹಾದಿಯಲ್ಲಿಯೇ ಬೇಲೇಕೇರಿ ಬಂದರಿಗೆ ಓಡಿದವೆಂಬುದನ್ನೂ ನೆನೆಯಬೇಕು. ನಮ್ಮ ತುಂಗಭದ್ರೆಯಾದರೂ ಇಲ್ಲಿಯೇ ನಿಲ್ಲುವವಳಲ್ಲ. ಕೃಷ್ಣೆಯನ್ನು ಕೂಡಿ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ಇವೆಲ್ಲಕ್ಕಿಂತ ಹತ್ತಿರದ ಕಾರಣವೊಂದುಂಟು. ಅದನ್ನು ಮುಂದೆ ಹೇಳುವೆನು.

ಮೊದಲು ಭಾರಲೋಹಗಳೆಂದರೆ ಯಾವವು ಎಂಬುದನ್ನು ನೋಡೋಣ. ಪಾದರಸ, ಸೀಸ, ಕ್ಯಾಡ್ಮಿಯಂ, ತಾಮ್ರ, ಸತುವು, ಕ್ರೋಮಿಯಂ, ನಿಕ್ಕಲ್ ಮುಂತಾದವು ಈ ಗುಂಪಿನವು. ಸಗಣಿ, ಎಲೆ, ಹೆಣ ಮೊದಲಾದವು ಎಷ್ಟೇ ಹೊಲಸಾದರೂ ಕಾಲಾಂತರದಲ್ಲಿ ಕೊಳೆತು ಮಣ್ಣಾಗುತ್ತವೆ. ಲೋಹಕ್ಕೆ ಕೊಳೆಯುವ ಗುಣವಿಲ್ಲ. ಅದು ಮೂಲಧಾತು, ನೀರಿನಿಂದ ಕೆಸರಿಗೆ, ಕೆಸರಿನಿಂದ ಹುಳುವಿಗೆ, ಹುಳುವಿನಿಂದ ಏಡಿಗೆ, ಏಡಿಯಿಂದ ಉಣ್ಣುವವನಿಗೆ ಮನೆ ಬದಲಿಸುತ್ತದೆಯೇ ಹೊರತು ಇಲ್ಲವಾಗುವದಿಲ್ಲ. ಇವುಗಳಲ್ಲಿ ಎರಡು ಬಗೆ. ತಾಮ್ರ ಸತುವುಗಳು ಅಲ್ಪ ಪ್ರಮಾಣದಲ್ಲಿ ಜೀವಕ್ಕೆ ಬೇಕೇ ಬೇಕು, ಮಿತಿಮೀರಿದರೆ ವಿಷ. ಪಾದರಸ, ಸೀಸ, ಕ್ಯಾಡ್ಮಿಯಂಗಳಿಂದಾದರೋ ಏಡಿಗೆ ಯಾವ ಉಪಕಾರವೂ ಇಲ್ಲ.

ತಾಮ್ರದ ಮಾತು ಬಂದುದರಿಂದ ಒಂದು ವಿಚಿತ್ರ ಸಂಗತಿ. ನಮ್ಮ ರಕ್ತ ಕೆಂಪಾಗಿರುವದು ಕಬ್ಬಿಣವುಳ್ಳ ಹಿಮೋಗ್ಲೋಬಿನ್ನಿನಿಂದ. ಏಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವದು ತಾಮ್ರವುಳ್ಳ ಹಿಮೋಸಯನಿನ್ ಎಂಬ ಪದಾರ್ಥ. ಆದುದರಿಂದ ಗಾಳಿ ತುಂಬಿದ ಏಡಿಯ ರಕ್ತ ನಸುನೀಲಿ. ತಾಮ್ರದಿಂದಲೇ ಉಸಿರಾಡುವ ಪ್ರಾಣಿ ತಾಮ್ರ ಹೆಚ್ಚಾದರೆ ಉಸಿರುಕಟ್ಟಿ ಸಾಯುವದು. ಅಮೃತವೂ ಅಳತೆ ತಪ್ಪಿದರೆ ವಿಷವೆಂಬ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

ಲೋಹವು ಏಡಿಯ ಮೈಯನ್ನು ಹೊಗುವ ಬಾಗಿಲುಗಳು ಮುಖ್ಯವಾಗಿ ಎರಡು: ಬಾಯಿ ಮತ್ತು ಕಿವಿರು. ಬಾಯಿಯ ವಿಷಯ ಸುಲಭವಾಗಿ ತಿಳಿಯುವಂಥದು. ಏಡಿ ಕೆಸರಿನ ಪ್ರಾಣಿ, ಸತ್ತದ್ದನ್ನೂ ಬದುಕಿದ್ದನ್ನೂ ತಿನ್ನುವಂಥದು. ಲೋಹಗಳು ನೀರಿನಲ್ಲಿ ಬಹುಕಾಲ ತೇಲದೆ ಕೆಸರಿಗೇ ಅಂಟಿಕೊಳ್ಳುವವು. ಕಿವಿರಿನ ವಿಷಯ ಹೆಚ್ಚು ಸ್ವಾರಸ್ಯಕರ. ಏಡಿಯ ಕಿವಿರು ಬರಿಯ ಮೂಗಲ್ಲ. ನೀರಿನೊಳಗಣ ಉಪ್ಪನ್ನೂ ಸುಣ್ಣದಂಶವನ್ನೂ ಬೇಕಾದಷ್ಟು ಎಳೆದುಕೊಳ್ಳುವ ಅಂಗವೂ ಅದೇ. ಸುಣ್ಣದಂಶವಾದ ಕ್ಯಾಲ್ಸಿಯಂನ ಕಣವೂ ಕ್ಯಾಡ್ಮಿಯಂನ ಕಣವೂ ಗಾತ್ರದಲ್ಲಿ ಹೆಚ್ಚುಕಡಿಮೆ ಸಮ, ಹೊತ್ತ ವಿದ್ಯುತ್ತೂ ಸಮ. ಕಾವಲುಗಾರನಿಗೆ ಗುರುತು ಸಿಗದ ಕಳ್ಳನಂತೆ ಕ್ಯಾಡ್ಮಿಯಂ ಕ್ಯಾಲ್ಸಿಯಂನ ಬಾಗಿಲಿನಿಂದಲೇ ಒಳಗೆ ನುಸುಳುವದು. ಏಡಿ ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಕಳಚಲೇಬೇಕಷ್ಟೆ. ಕಳಚಿದ ಮೇಲೆ ಮೈ ಮೆತ್ತಗೆ, ಹೊಸ ಚಿಪ್ಪು ಗಟ್ಟಿಯಾಗಲು ಸುಣ್ಣ ಬೇಕು, ಆಗ ಕ್ಯಾಲ್ಸಿಯಂನ ಬಾಗಿಲುಗಳೆಲ್ಲ ತೆರೆದಿರುತ್ತವೆ. ಅದರ ಬಾಳಿನಲ್ಲಿ ಅತ್ಯಂತ ನಿರ್ಗತಿಕವಾದ ಆ ಗಳಿಗೆಯೇ ವಿಷಕ್ಕೂ ಒಳ್ಳೆಯ ಮುಹೂರ್ತ.

ಹೊಕ್ಕ ಲೋಹವನ್ನು ಏಡಿ ಸುಮ್ಮನೆ ಸಹಿಸುವದಿಲ್ಲ. ಲೋಹವನ್ನು ಕಟ್ಟಿಹಾಕುವ ಮೆಟಲೋಥಯೊನೀನ್ ಎಂಬ ಸಸಾರಜನಕ ಪದಾರ್ಥ ಅದರ ಒಡಲಿನಲ್ಲಿ ಹುಟ್ಟುವದು. ಈ ಜಾತಿಯ ಪದಾರ್ಥವನ್ನು ಮೊದಲು ಕಂಡುಹಿಡಿದದ್ದು ಕುದುರೆಯ ಮೂತ್ರಪಿಂಡದಲ್ಲಿ, ೧೯೫೭ರಲ್ಲಿ. ಕಟ್ಟಿಹಾಕಿದ ಲೋಹದ ಬಹುಭಾಗ ಚಿಪ್ಪಿನ ಕೆಳಗಿರುವ ಹಳದಿ-ಕಂದು ಬಣ್ಣದ ಮೆತ್ತನೆಯ ಗ್ರಂಥಿಯಲ್ಲಿ ಕೂಡಿಬೀಳುವದು. ನಮ್ಮ ಯಕೃತ್ತು ಮೇದೋಜೀರಕಗಳೆರಡರ ಕೆಲಸವನ್ನೂ ಏಡಿಯಲ್ಲಿ ಆ ಗ್ರಂಥಿಯೊಂದೇ ಮಾಡುತ್ತದೆ. ವಾಚಕರು ಈ ಹಳದಿ ಗ್ರಂಥಿಯನ್ನು ನೆನಪಿಟ್ಟಿರಬೇಕು.

ಕಟ್ಟುವ ಶಕ್ತಿ ಸಾಲದೆ ಹೋದಾಗ ಕೇಡು ತೋರಹತ್ತುವದು. ಕಿವಿರಿನ ಎಳೆಗಳು ಊದಿಕೊಂಡು ಕಪ್ಪಾಗುತ್ತವೆ. ಉಸಿರೂ ಉಪ್ಪಿನ ಸಮತೋಲವೂ ಒಟ್ಟಿಗೆ ಕೆಡುತ್ತವೆ. ಅಮೇರಿಕದ ಜೂಡಿತ್ ವೈಸ್ ಎಂಬ ವಿದುಷಿ ೧೯೭೦ರ ದಶಕದಲ್ಲಿ ಒಂದು ಮುಂಗಾಲು ಬಲು ದೊಡ್ಡದಾಗಿರುವ ಸಣ್ಣ ಕಡಲೇಡಿಗಳ ಮೇಲೆ ಪಾದರಸ, ಕ್ಯಾಡ್ಮಿಯಂ, ಸೀಸಗಳ ಪ್ರಭಾವವನ್ನು ಪರೀಕ್ಷಿಸಿದರು. ಏಡಿಗೆ ಕಾಲು ಮುರಿದರೆ ಮತ್ತೆ ಚಿಗುರುವ ಭಾಗ್ಯವುಂಟು. ಪಾದರಸ ಕ್ಯಾಡ್ಮಿಯಂಗಳಿದ್ದ ನೀರಿನಲ್ಲಿ ಆ ಚಿಗುರು ಕುಂಠಿತವಾಯಿತು. ಸಾಯದೆ ಉಳಿದ ಏಡಿಯೂ ಹಾಗೆ ಅರೆಬಾಳು ಬಾಳುವದು. ನಮ್ಮ ಕಡೆಯವರ ಸಂಶೋಧನೆಯೂ ಉಂಟು. ಔರಂಗಾಬಾದಿನ ಮರಾಠವಾಡಾ ವಿಶ್ವವಿದ್ಯಾಲಯದವರು ತಾಮ್ರ ಕ್ಯಾಡ್ಮಿಯಂ ಬೆರೆತ ನೀರಿನಲ್ಲಿ ಸಿಹಿನೀರಿನ ಏಡಿಗಳನ್ನು ಇಟ್ಟು ನೋಡಿದಾಗ ಅವುಗಳ ರಕ್ತದ ಸಕ್ಕರೆ ಏರಿತು. ಸಂಕಟದಲ್ಲಿ ಪ್ರಾಣಿ ತನ್ನ ಕೂಡಿಟ್ಟ ಬುತ್ತಿಯನ್ನು ಬಿಚ್ಚುತ್ತದೆಯೆಂದು ಇದರ ಅರ್ಥ. ೧೯೫೬ರವರೆಗೆ ಔರಂಗಾಬಾದೂ ನಮ್ಮ ತಾಲೂಕುಗಳೂ ಒಂದೇ ಹೈದರಾಬಾದ್ ರಾಜ್ಯದ ನೆರಳಿನಲ್ಲಿದ್ದವು. ಆ ನಂಟಿನಿಂದ ನಾನು ಅವರನ್ನು ನಮ್ಮವರೆಂದೆ.

ಕಡಲಂಚಿನ ಏಡಿಗಳಿಗೆ ಇನ್ನೊಂದು ವಿಶೇಷ ಕಂಟಕವಿದೆ. ಕಾಳಿ, ಗಂಗಾವಳಿ, ಅಘನಾಶಿನಿ ಮೊದಲಾದ ನದಿಗಳ ಅಳಿವೆಗಳಲ್ಲಿ ಬೇಸಿಗೆಗೆ ನೀರು ಉಪ್ಪು, ಮಳೆಗಾಲಕ್ಕೆ ಹೆಚ್ಚುಕಡಿಮೆ ಸಪ್ಪೆ. ಉಪ್ಪು ನೀರಿನಲ್ಲಿ ಕ್ಯಾಡ್ಮಿಯಂ ಉಪ್ಪಿನ ಕ್ಲೋರೈಡನ್ನು ಅಪ್ಪಿಕೊಂಡು ಅಷ್ಟರಮಟ್ಟಿಗೆ ನಿರುಪದ್ರವಿಯಾಗಿರುವದು. ನೀರು ಸಪ್ಪೆಯಾಗುತ್ತಲೇ ಬಿಡಿಯಾಗಿ ಕಿವಿರನ್ನು ಹೊಗುವದು. ೧೯೭೩ರಲ್ಲಿ ಪ್ರಕಟವಾದ ಅಮೇರಿಕದ ಪ್ರಯೋಗವೊಂದರಲ್ಲಿ ಉಪ್ಪು ಕಡಿಮೆಯಾದಷ್ಟೂ, ಶಾಖ ಹೆಚ್ಚಾದಷ್ಟೂ ಅದೇ ಪ್ರಮಾಣದ ಕ್ಯಾಡ್ಮಿಯಂ ಏಡಿಗಳನ್ನು ಹೆಚ್ಚಾಗಿ ಕೊಂದಿತು. ಅಂದಮೇಲೆ ನೀರಿನಲ್ಲಿ ಲೋಹ ಇಂತಿಷ್ಟು ಇದ್ದರೆ ಬಾಧಕವಿಲ್ಲವೆಂದು ಒಂದೇ ಅಂಕೆಯನ್ನು ವರ್ಷವಿಡೀ ಅನ್ವಯಿಸುವದು ನನ್ನ ಮಟ್ಟಿಗೆ ಒಪ್ಪುವ ಮಾತಲ್ಲ. ಮರಿಗಳ ಅವಸ್ಥೆ ಮತ್ತಷ್ಟು ಕಠಿಣ. ಅಳಿವೆಯ ಕೆಸರಿನ ದೊಡ್ಡ ಏಡಿ ಮೊಟ್ಟೆ ಬಿಡಲು ಕಡಲಿಗೆ ಹೋಗುವದು. ಒಂದು ತಾಯಿ ಬಿಡುವ ಮೊಟ್ಟೆಗಳು ಹತ್ತು ಲಕ್ಷಕ್ಕೂ ಮಿಕ್ಕಿ. ಒಡೆದು ಬಂದ ಮರಿಗಳು ಏಡಿಯ ರೂಪದಲ್ಲಿಯೇ ಇರುವದಿಲ್ಲ. ತೀರ ಸಣ್ಣ ಮುಳ್ಳುಜೀವಿಗಳಾಗಿ ತೇಲುತ್ತ, ಐದು ಸಲ ರೂಪ ಬದಲಿಸಿ ಆಮೇಲೆ ಏಡಿಯಾಗುವವು. ದೊಡ್ಡ ಏಡಿ ತಾಳಿಕೊಳ್ಳುವ ಲೋಹದ ಸಣ್ಣ ಭಾಗವೂ ಈ ಮರಿಗಳಿಗೆ ಮೃತ್ಯುವಾಗುವದು.

ಇದು ಪ್ರಯೋಗಶಾಲೆಯ ಮಾತಾಯಿತು. ನಮ್ಮ ರಾಜ್ಯದ ತೀರದಲ್ಲಿ ಇದಕ್ಕೆ ಹತ್ತಿರದ ಪ್ರಸಂಗ ಕಾರವಾರದ ಬಿಣಗಾದಲ್ಲಿ ನಡೆಯಿತು. ಅಲ್ಲಿಯ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ಉಪ್ಪುನೀರಿನಲ್ಲಿ ವಿದ್ಯುತ್ ಹಾಯಿಸುವಾಗ ಪಾದರಸವನ್ನು ಬಳಸುತ್ತಿದ್ದರು. ಕಡಲ ಮೀನುಗಾರಿಕೆಯ ಸಂಶೋಧಕರು ಅಲ್ಲಿಯ ಪಾದರಸವನ್ನು ಅಳೆದು ೧೯೯೦ರಲ್ಲಿ ಪ್ರಕಟಿಸಿದರು. ಕಾರ್ಖಾನೆಯ ಹೊರನೀರು ಬೀಳುವ ಎಡೆಯ ಸುತ್ತ ಅದು ಹೆಚ್ಚಾಗಿತ್ತು. ಆ ಬಳಿಕ ನಮ್ಮ ದೇಶದ ಕಾಸ್ಟಿಕ್ ಸೋಡಾ ಉದ್ಯಮವು ಪಾದರಸವನ್ನು ಬಿಟ್ಟು ಪೊರೆಯ ವಿಧಾನಕ್ಕೆ ತಿರುಗಿತು. ಪಾದರಸವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ ೨೦೧೩ರಲ್ಲಿ ಆಗಿ ೨೦೧೭ರಲ್ಲಿ ಜಾರಿಗೆ ಬಂದಿತು. ಭಾರತ ೨೦೧೮ರಲ್ಲಿ ಅದನ್ನು ಅಂಗೀಕರಿಸಿತು. ಆ ಒಪ್ಪಂದಕ್ಕೆ ಜಪಾನಿನ ಮಿನಮಾಟಾ ಎಂಬ ಊರಿನ ಹೆಸರನ್ನೇ ಇಟ್ಟಿದ್ದಾರೆ. ಕಾರ್ಖಾನೆಯ ಪಾದರಸ ಕೊಲ್ಲಿಯ ಮೀನು ಚಿಪ್ಪುಜೀವಿಗಳ ಮೂಲಕ ಬೆಸ್ತರ ಮನೆಗಳನ್ನು ಹೊಕ್ಕು, ಕೈಕಾಲು ನಡುಗಿ ಮಾತು ತೊದಲುವ ರೋಗವಾಗಿ ೧೯೫೬ರಲ್ಲಿ ಬೆಳಕಿಗೆ ಬಂದದ್ದು ಅಲ್ಲಿಯೇ. ೧೯೫೯ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದವರು ಸಾವಯವ ಪಾದರಸವೇ ಕಾರಣವೆಂದು ಹೇಳಿದರೂ ವಿಷ ಹರಿಯುವದು ನಿಂತದ್ದು ೧೯೬೮ರಲ್ಲಿ. ತಿಳಿವಿಗೂ ಕ್ರಿಯೆಗೂ ನಡುವೆ ಒಂಬತ್ತು ವರ್ಷ!

ಇನ್ನು ನಮ್ಮ ನೆಲಕ್ಕೆ ಬರೋಣ. ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಣೆಕಟ್ಟು ಬಿದ್ದು ಎಡದಂಡೆಯ ಕಾಲುವೆ ಹರಿದ ಮೇಲೆ ಗಂಗಾವತಿಯ ಬಯಲು ನೆಲ್ಲಿನ ಕಣಜವಾಯಿತು. ಗದ್ದೆಯ ಬದುಗಳಲ್ಲಿ ಸಿಹಿನೀರಿನ ಏಡಿ ಬಿಲ ತೋಡಿ ನೀರು ಸೋರಿಸುವದೆಂದು ರೈತರಿಗೆ ಅದರ ಮೇಲೆ ಸಿಟ್ಟು. ನನ್ನ ತಂದೆ ಇಂಥ ಗದ್ದೆಗಳಲ್ಲಿ ಕೂಲಿ ಮಾಡುವವರು. ಸಂಜೆ ಬರುವಾಗ ಬದುವಿನ ನಾಲ್ಕಾರು ಏಡಿಗಳನ್ನು ತರುತ್ತಾರೆ; ಅವ್ವ ಅದನ್ನು ಕುಟ್ಟಿ ಮೆಣಸು ಬೆಳ್ಳುಳ್ಳಿ ಹಾಕಿ ಸಾರು ಕಾಸುತ್ತಾಳೆ. ನೆಗಡಿ ಕೆಮ್ಮಿಗೆ ಅದಕ್ಕಿಂತ ಮದ್ದಿಲ್ಲವೆಂದು ನಮ್ಮ ಓಣಿಯ ನಂಬಿಗೆ. ನಾನು ಮೊದಲು ಹೇಳಿದ ಹತ್ತಿರದ ಕಾರಣ ಇದೇ.

ಸಿಹಿನೀರಿನ ಏಡಿಗೆ ಕಡಲೇಡಿಯಂತೆ ತೇಲುವ ಮರಿಗಳಿಲ್ಲ. ತಾಯಿ ತನ್ನ ಹೊಟ್ಟೆಯ ಮಡಿಕೆಯಲ್ಲಿಯೇ ಮೊಟ್ಟೆಗಳನ್ನು ಹೊತ್ತು, ಪುಟ್ಟ ಏಡಿಗಳಾದ ಮೇಲೆ ಕೆಳಗಿಳಿಸುವದು. ಆದುದರಿಂದ ಅದು ಹುಟ್ಟಿದ ಹಳ್ಳ ಕಾಲುವೆಗಳನ್ನು ಬಿಟ್ಟು ಬಹುದೂರ ಹೋಗುವ ಪ್ರಾಣಿಯಲ್ಲ. ಆ ನೀರಿನಲ್ಲಿ ಏನಿದೆಯೋ ಅದಕ್ಕೆ ಅದರ ಮೈಯೇ ಸಾಕ್ಷಿ. ನೆಲ್ಲಿಗೆ ಸತುವಿನ ಸಲ್ಫೇಟ್ ಹಾಕುವದು, ರೋಗಕ್ಕೆ ತಾಮ್ರದ ಔಷಧಿ ಸಿಂಪಡಿಸುವದು ನಮ್ಮಲ್ಲಿ ರೂಢಿ. ರಂಜಕದ ಗೊಬ್ಬರದಲ್ಲಿ ಮೂಲ ಕಲ್ಲಿನಿಂದ ಬಂದ ಕ್ಯಾಡ್ಮಿಯಂ ಅಷ್ಟಿಷ್ಟು ಇರುವದು. ಗಿಣಿಗೇರಿಯ ಸುತ್ತ ಉಕ್ಕು, ಮೆದುಕಬ್ಬಿಣದ ಕಾರ್ಖಾನೆಗಳಿವೆ. ಅವುಗಳ ವಿಸ್ತರಣೆಯ ವಿಷಯದಲ್ಲಿ ೨೦೨೫ರಲ್ಲಿ ಕೊಪ್ಪಳದ ಜನ ಬೀದಿಗಿಳಿದುದನ್ನು ನಾವೆಲ್ಲ ಕಂಡಿದ್ದೇವೆ. ಜನರು ಅಂದು ತೋರಿಸಿದ್ದು ಹೊಗೆಯನ್ನೂ ಕಪ್ಪು ಧೂಳನ್ನೂ. ಧೂಳು ಮಳೆಗೆ ತೊಳೆದು ಎಲ್ಲಿಗೆ ಹೋಗುವದೆಂಬ ಪ್ರಶ್ನೆಯೂ ಅಷ್ಟೇ ಮುಖ್ಯವೆಂದು ನನ್ನ ಎಣಿಕೆ. ನೀರು ತಿಳಿಯಾಗಿದ್ದರೆ ಒಳ್ಳೆಯದೆಂಬ ಭರವಸೆ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಇರಕೂಡದು. ಕುಷ್ಟಗಿ, ಯಲಬುರ್ಗಾಗಳ ಕೊಳವೆಬಾವಿಯ ಫ್ಲೋರೈಡ್ ಹಲ್ಲು ಎಲುಬುಗಳನ್ನು ಕೆಡಿಸಿದ್ದು ತಿಳಿನೀರಿನ ಮೂಲಕವೇ. ಫ್ಲೋರೈಡ್ ಲೋಹವಲ್ಲ, ನಿಜ. ಆದರೆ ಅದೂ ಲೋಹದಂತೆ ಬಣ್ಣವಿಲ್ಲದೆ, ವಾಸನೆಯಿಲ್ಲದೆ ಬರುವದು.

ಈ ಓದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅವ್ವ, “ಇಷ್ಟ್ ವರ್ಷ ತಿಂದೀವಿ, ನಮಗೇನಾಗೇತಿ?” ಎಂದಳು. ಶಾಲೆ ಕಾಣದ ಅವ್ವನ ಪ್ರಶ್ನೆ ತರ್ಕಕ್ಕೆ ಸರಿಯಾದುದೇ, ಅದಕ್ಕೆ ತರ್ಕದಿಂದಲೇ ಉತ್ತರ ಕೊಡಬೇಕು. ನಮ್ಮ ಮೈಗೆ ಸೇರಿದ ಕ್ಯಾಡ್ಮಿಯಂನ ಅರ್ಧಭಾಗ ಹೊರಹೋಗಲು ಹತ್ತರಿಂದ ಮೂವತ್ತು ವರ್ಷ ಬೇಕು. ಅದು ಮೂತ್ರಪಿಂಡದಲ್ಲಿ ಸದ್ದಿಲ್ಲದೆ ಕೂಡುತ್ತ ಹೋಗುವದು. ಜಪಾನಿನ ಜಿಂಜೂ ನದಿಯ ಕಣಿವೆಯಲ್ಲಿ ಗಣಿಯ ಕ್ಯಾಡ್ಮಿಯಂ ಬೆರೆತ ನೀರು ಗದ್ದೆಗೆ ಹರಿದು, ಆ ಅನ್ನವನ್ನು ಎಷ್ಟೋ ವರ್ಷ ಉಂಡ ಮೇಲೆ ಎಲುಬು ಮೆತ್ತಗಾಗಿ ಮುರಿಯುವ ರೋಗ ಬಂದಿತು. ಹೆಚ್ಚಾಗಿ ನರಳಿದವರು ಹಲವು ಮಕ್ಕಳನ್ನು ಹೆತ್ತ ನಡುಹರೆಯದ ಹೆಂಗಸರು. ನೋವಿನ ಕೂಗಾದ ‘ಇತಾಯಿ ಇತಾಯಿ’ ಎಂಬುದೇ ಆ ರೋಗದ ಹೆಸರಾಯಿತು. ೧೯೬೮ರಲ್ಲಿ ಅಲ್ಲಿಯ ಸರಕಾರ ಕಾರಣವನ್ನು ಒಪ್ಪಿಕೊಂಡಿತು. ನಮ್ಮ ಗದ್ದೆಗಳು ಜಿಂಜೂವಿನಂತಾಗಿವೆಯೆಂದು ನಾನು ಹೇಳುತ್ತಿಲ್ಲ. ಇಷ್ಟು ವರ್ಷ ಏನೂ ಆಗಿಲ್ಲವೆಂಬುದು ಲೋಹದ ವಿಷಯದಲ್ಲಿ ಸಾಕಾದ ಪ್ರಮಾಣವಲ್ಲವೆಂದಷ್ಟೇ ಹೇಳುತ್ತೇನೆ. ಕುದಿಸಿದರೆ ಕ್ರಿಮಿ ಸಾಯುವದು, ಲೋಹ ಸಾಯದು.

ಹಾಗೆಂದು ಬಡವರ ಬಟ್ಟಲಿನ ಸಾರನ್ನು ಚೆಲ್ಲಿಸುವ ಹಕ್ಕು ನನಗಿಲ್ಲ. ಇಲ್ಲಿಯೇ ಹಳದಿ ಗ್ರಂಥಿಯ ಮಾತು ಉಪಯೋಗಕ್ಕೆ ಬರುವದು. ಯುರೋಪಿನ ಒಕ್ಕೂಟದವರು ಏಡಿಯ ಕಾಲುಗಳ ಬಿಳಿ ಮಾಂಸಕ್ಕೆ ಕಿಲೋಗ್ರಾಮಿಗೆ ಅರ್ಧ ಮಿಲಿಗ್ರಾಮ್ ಕ್ಯಾಡ್ಮಿಯಂ ಎಂದು ಮಿತಿ ಹಾಕಿದ್ದಾರೆ. ಚಿಪ್ಪಿನೊಳಗಿನ ಹಳದಿ-ಕಂದು ಭಾಗದಲ್ಲಿ ಅದು ಎಷ್ಟೋ ಪಾಲು ಹೆಚ್ಚಿರುವದರಿಂದ ಆ ಭಾಗವನ್ನು ಮಿತವಾಗಿ ತಿನ್ನಬೇಕೆಂದು ಜನರಿಗೆ ತಿಳಿಸಿದ್ದಾರೆ. ಇಡೀ ಏಡಿಯನ್ನು ಕುಟ್ಟಿ ಸಾರು ಮಾಡುವಾಗ ಆ ಭಾಗವೆಲ್ಲ ಸಾರಿಗೇ ಇಳಿಯುವದು. ಚಿಪ್ಪು ಬಿಚ್ಚಿ ಹಳದಿಯನ್ನು ತೆಗೆದು ಕಾಲು ಮೈಗಳನ್ನಷ್ಟೇ ಬಳಸಿದರೆ ರುಚಿ ತುಸು ಕಡಿಮೆಯಾದೀತು, ಖರ್ಚೇನೂ ಇಲ್ಲ. ನಮ್ಮ ಮನೆಯಲ್ಲಿ ಈಗ ಹಾಗೆ ನಡೆದಿದೆ, ಅವ್ವನ ಗೊಣಗಾಟದೊಂದಿಗೆ.

ಉಳಿದದ್ದು ಅಳತೆಯ ಕೆಲಸ. ೧೯೫೫ರಲ್ಲಿ ಆಸ್ಟ್ರೇಲಿಯದ ಅಲನ್ ವಾಲ್ಶ್ ಎಂಬವರು ರೂಪಿಸಿದ ವಿಧಾನದಿಂದ ಜ್ವಾಲೆಯಲ್ಲಿ ಲೋಹದ ಕಣಗಳು ಎಷ್ಟು ಬೆಳಕನ್ನು ಹೀರುವವೆಂಬುದನ್ನು ನೋಡಿ ಅವುಗಳ ಪ್ರಮಾಣವನ್ನು ಹೇಳಬಹುದು. ಆ ಯಂತ್ರ ನಮ್ಮಂಥ ಕಲಾ ಕಾಲೇಜಿನಲ್ಲಿ ಇರುವಂಥದಲ್ಲ. ಆದರೆ ಏಡಿ ಹಿಡಿಯಲು ಯಂತ್ರ ಬೇಡ. ನಮ್ಮ ಹಳ್ಳಿಗಳ ವಿದ್ಯಾರ್ಥಿಗಳಿಗೆ ಆ ವಿದ್ಯೆ ಹುಟ್ಟಿನಿಂದಲೇ ಬಂದಿದೆ. ಮುನಿರಾಬಾದಿನ ಹಿನ್ನೀರು, ಗಂಗಾವತಿಯ ಗದ್ದೆಯ ಬಸಿಗಾಲುವೆ, ಹಿರೇಹಳ್ಳ, ಗಿಣಿಗೇರಿಯ ಕೆರೆ ಈ ನಾಲ್ಕು ಎಡೆಗಳಲ್ಲಿ ಮುಂಗಾರಿನ ಮೊದಲು ಒಮ್ಮೆ, ಸುಗ್ಗಿಯ ಮೇಲೆ ಒಮ್ಮೆ, ಸಮಗಾತ್ರದ ಹತ್ತು ಹತ್ತು ಏಡಿಗಳನ್ನು ಹಿಡಿದು, ಗಂಡು ಹೆಣ್ಣು ಬೇರೆಮಾಡಿ, ಕಾಲಿನ ಮಾಂಸವನ್ನೂ ಹಳದಿ ಗ್ರಂಥಿಯನ್ನೂ ಕಿವಿರನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ, ಆ ಎಡೆಯ ಕೆಸರಿನೊಂದಿಗೆ ಯಂತ್ರವುಳ್ಳ ವಿಶ್ವವಿದ್ಯಾಲಯವೊಂದಕ್ಕೆ ಕಳಿಸಿದರೆ ಒಂದು ವರ್ಷದಲ್ಲಿ ಉತ್ತರ ದೊರೆಯುವದು. ಪ್ರಾಧ್ಯಾಪಕರಲ್ಲಿ ಯಾರಾದರೂ ಮುಂದಾಳತ್ವ ವಹಿಸುವದಾದರೆ ಗಂಗಾವತಿಯ ಪಾಲಿನ ಏಡಿಗಳನ್ನು ತಂದುಕೊಡುವ ಹೊಣೆಯನ್ನು ನನ್ನ ತಂದೆಯವರು ಆಗಲೇ ಒಪ್ಪಿಕೊಂಡಿದ್ದಾರೆ.