ತನ್ಮಯತೆಯ ಗುಟ್ಟು

ಬೆಳಿಗ್ಗೆ ಒಂದು ಲೆಕ್ಕವನ್ನು ಬಿಡಿಸಲು ಕುಳಿತ ವಿದ್ಯಾರ್ಥಿ ತಲೆಯೆತ್ತುವ ವೇಳೆಗೆ ಮಧ್ಯಾಹ್ನವಾಗಿರುತ್ತದೆ. ತಾಯಿ ಊಟಕ್ಕೆ ಕರೆದುದು ಅವನ ಕಿವಿಗೆ ಬಿದ್ದಿರುವುದಿಲ್ಲ. ಕಾಲು ಜೋಮು ಹಿಡಿದುದೂ ತಿಳಿದಿರುವುದಿಲ್ಲ. ಅದೇ ವಿದ್ಯಾರ್ಥಿಗೆ ಬೇರೊಂದು ದಿನ, ಬೇರೊಂದು ಪುಸ್ತಕದ ಮುಂದೆ, ಅರ್ಧ ಗಂಟೆಯೇ ಒಂದು ಯುಗವಾಗಿ ತೋರುತ್ತದೆ. ಇದಕ್ಕೆ ಕಾರಣವೇನು? ತನ್ನನ್ನು ತಾನು ಮರೆಯುವ ತನ್ಮಯತೆ ಕೆಲವರಿಗೆ ಹುಟ್ಟಿನಿಂದ ಬಂದ ವರವೆ? ಅಥವಾ ಕೆಲಸದ ಸ್ವರೂಪದಲ್ಲಿಯೇ ಅದರ ಗುಟ್ಟು ಅಡಗಿದೆಯೆ? ವಿಜ್ಞಾನದ ಚರಿತ್ರೆಯಿಂದ ಒಂದು ನಿದರ್ಶನವನ್ನು ಪರಿಶೀಲಿಸೋಣ.

1898ರ ಡಿಸೆಂಬರಿನಲ್ಲಿ ಮೇರಿ ಕ್ಯೂರಿ ಮತ್ತು ಆಕೆಯ ಪತಿ ಪಿಯೇರ್ ಕ್ಯೂರಿ ರೇಡಿಯಂ ಎಂಬ ಹೊಸ ಧಾತುವಿನ ಇರವನ್ನು ಸಾರಿದರು. ಆದರೆ ಅದನ್ನು ಯಾರೂ ಬೇರ್ಪಡಿಸಿ ಕಂಡಿರಲಿಲ್ಲ. ಅದರ ಪರಮಾಣು ತೂಕವೂ ಗೊತ್ತಿರಲಿಲ್ಲ. ಆ ಹೊಣೆಯನ್ನು ಮೇರಿ ಹೊತ್ತರು. ಬೊಹೀಮಿಯದ ಗಣಿಗಳಿಂದ, ಯುರೇನಿಯಂ ತೆಗೆದ ಮೇಲೆ ಉಳಿದ ಪಿಚ್‌ಬ್ಲೆಂಡ್ ಅದಿರಿನ ಕಸ ಟನ್ನುಗಟ್ಟಲೆ ಪ್ಯಾರಿಸಿಗೆ ಬಂದಿತು. ಕೆಲಸಕ್ಕೆ ದೊರೆತುದು ಮಳೆ ಬಂದರೆ ಸೋರುವ ಒಂದು ಹಳೆಯ ಕೊಟ್ಟಿಗೆ. ಕುದಿಯುವ ದ್ರವವನ್ನು ತಮ್ಮಷ್ಟೇ ಉದ್ದದ ಕಬ್ಬಿಣದ ಸಲಾಕೆಯಿಂದ ದಿನವಿಡೀ ಕಲಕಿ ಆಕೆ ದಣಿದ ದಿನಗಳುಂಟು. ಆದರೂ ತಮ್ಮ ಬಾಳಿನ ಅತ್ಯಂತ ಸುಖದ ವರ್ಷಗಳು ಅಲ್ಲಿಯೇ ಕಳೆದುವೆಂದು ಆಕೆ ಮುಂದೆ ಬರೆದರು.

ಆ ಕೆಲಸದ ರೀತಿಯನ್ನು ನೋಡಿರಿ. ಅದಿರಿನಿಂದ ಕೊನೆಗೆ ದೊರೆಯುತ್ತಿದ್ದುದು ಬೇರಿಯಂ ಕ್ಲೋರೈಡು. ಅದರಲ್ಲಿ ಬೆರೆತ ಅತ್ಯಲ್ಪ ರೇಡಿಯಂ ಕ್ಲೋರೈಡು. ಗುಣಗಳಲ್ಲಿ ಇವೆರಡೂ ಅಕ್ಕತಂಗಿಯರಂತೆ. ಆದರೆ ರೇಡಿಯಂ ಲವಣ ನೀರಿನಲ್ಲಿ ಕೊಂಚ ಕಡಿಮೆ ಕರಗುತ್ತದೆ. ಆದುದರಿಂದ ಬಿಸಿ ದ್ರಾವಣ ಆರುವಾಗ ಮೂಡುವ ಹರಳುಗಳಲ್ಲಿ ರೇಡಿಯಂ ಅಂಶ ಹೆಚ್ಚಾಗಿರುತ್ತದೆ. ಅವನ್ನು ಮತ್ತೆ ಕರಗಿಸಿ ಮತ್ತೆ ಹರಳುಗಟ್ಟಿಸಬೇಕು. ಹೀಗೆ ನೂರಾರು ಬಾರಿ! ರೇಡಿಯಂ ಕಿರಣಗಳು ಗಾಳಿಯನ್ನು ವಿದ್ಯುದ್ವಾಹಕವಾಗಿ ಮಾಡುತ್ತವೆ. ಆ ಅಲ್ಪ ಪ್ರವಾಹವನ್ನು ವಿದ್ಯುನ್ಮಾಪಕದಿಂದ ಅಳೆದರೆ ಹರಳು ಎಷ್ಟು ಶುದ್ಧವಾಯಿತೆಂಬುದು ಕೂಡಲೇ ತಿಳಿಯುತ್ತಿತ್ತು. 1902ರಲ್ಲಿ 0.1 ಗ್ರಾಂ ರೇಡಿಯಂ ಕ್ಲೋರೈಡು ಕೈಸೇರಿತು. ಆಕೆ ಕಂಡುಹಿಡಿದ ಪರಮಾಣು ತೂಕ 225. ಇಂದಿನ ಬೆಲೆ 226.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಚದುರಂಗದ ಆಟಗಾರರು, ಬಂಡೆ ಹತ್ತುವವರು, ಶಸ್ತ್ರವೈದ್ಯರು ಮುಂತಾದವರನ್ನು ಪ್ರಶ್ನಿಸಿ, 1975ರಲ್ಲಿ ಈ ಸ್ಥಿತಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅವನ ಪ್ರಕಾರ ತನ್ಮಯತೆಗೆ ಮುಖ್ಯವಾಗಿ ಮೂರು ಅನುಕೂಲಗಳು ಬೇಕು: ಗುರಿ ಸ್ಪಷ್ಟವಾಗಿರಬೇಕು, ಇಟ್ಟ ಹೆಜ್ಜೆ ಸರಿಯೋ ತಪ್ಪೋ ಎಂಬುದು ಕೂಡಲೇ ತಿಳಿಯಬೇಕು, ಕೆಲಸದ ಕಷ್ಟ ನಮ್ಮ ಶಕ್ತಿಗೆ ಸರಿಸಮನಾಗಿರಬೇಕು. ಕಷ್ಟ ಮಿತಿಮೀರಿದರೆ ಕಳವಳ, ತೀರ ಕಡಿಮೆಯಾದರೆ ಬೇಸರ. ನಮ್ಮ ಗಮನಶಕ್ತಿಗೆ ಮಿತಿಯುಂಟು. ಅದೆಲ್ಲವೂ ಕೆಲಸದಲ್ಲಿ ವ್ಯಯವಾದಾಗ ‘ನಾನು’ ಎಂಬುದನ್ನು ನೆನೆಯಲು ಏನೂ ಉಳಿಯುವುದಿಲ್ಲ. ಕ್ಯೂರಿಯವರ ಕೊಟ್ಟಿಗೆಯಲ್ಲಿ ಈ ಮೂರೂ ಕೂಡಿದ್ದುವಲ್ಲವೆ?

ಆದರೆ ಇದಕ್ಕೆ ಇನ್ನೊಂದು ಮುಖವೂ ಉಂಟು. ಹಸಿವನ್ನು ಮರೆಸುವ ತನ್ಮಯತೆ ಅಪಾಯವನ್ನೂ ಮರೆಸುತ್ತದೆ. ರೇಡಿಯಂ ಕಿರಣಗಳಿಂದ ಚರ್ಮ ಸುಡುವುದನ್ನು ಪಿಯೇರ್ ತಮ್ಮ ತೋಳಿನ ಮೇಲೆಯೇ ಪರೀಕ್ಷಿಸಿ 1901ರಲ್ಲಿ ಪ್ರಕಟಿಸಿದ್ದರು. ದಂಪತಿಗಳ ಬೆರಳ ತುದಿಗಳು ಗಡುಸಾಗಿ ನೋಯುತ್ತಿದ್ದುವು. ಆದರೂ ಕೆಲಸ ನಿಲ್ಲಲಿಲ್ಲ. ಆ ಕಿರಣಗಳು ದೇಹದೊಳಗೆ ಎಷ್ಟು ಕೇಡು ಮಾಡಬಲ್ಲುವೆಂಬುದು ಆಗ ಪೂರ್ಣವಾಗಿ ತಿಳಿದಿರಲಿಲ್ಲವೆಂಬುದೂ ನಿಜ. 1934ರಲ್ಲಿ ಮೇರಿ ರಕ್ತಕಣಗಳ ಉತ್ಪತ್ತಿ ಕುಂದುವ ರೋಗದಿಂದ ತೀರಿಕೊಂಡರು. ಆಕೆಯ ಟಿಪ್ಪಣಿ ಪುಸ್ತಕಗಳು ಇಂದಿಗೂ ಕಿರಣಗಳನ್ನು ಸೂಸುತ್ತಿವೆ. ರೇಡಿಯಂ ಅರ್ಧದಷ್ಟಾಗಲು ಸುಮಾರು 1600 ವರ್ಷಗಳು ಬೇಕು.

ವಿದ್ಯಾರ್ಥಿ ಮಿತ್ರರೆ, ತನ್ಮಯತೆ ಬರಲೆಂದು ಕಾಯಬೇಕಾಗಿಲ್ಲ. ‘ಭೌತಶಾಸ್ತ್ರ ಓದುತ್ತೇನೆ’ ಎನ್ನದೆ, ‘ಈ ಐದು ಲೆಕ್ಕಗಳನ್ನು ಬಿಡಿಸುತ್ತೇನೆ’ ಎಂದು ಕುಳಿತುಕೊಳ್ಳಿರಿ. ಒಂದೊಂದು ಮುಗಿದೊಡನೆ ಉತ್ತರವನ್ನು ತಾಳೆ ನೋಡಿರಿ. ಸುಲಭವೆನಿಸಿದರೆ ಮುಂದಿನ ಕಠಿಣ ಲೆಕ್ಕಕ್ಕೆ ಹೋಗಿರಿ. ಆದರೆ ಪ್ರಯೋಗಶಾಲೆಯಲ್ಲಿ ಕನ್ನಡಕ, ಕೈಗವಸುಗಳನ್ನು ಕೆಲಸಕ್ಕೆ ತೊಡಗುವ ಮೊದಲೇ ಧರಿಸಿರಿ. ನಿಲ್ಲಿಸುವ ವೇಳೆಯನ್ನೂ ಮೊದಲೇ ಗೊತ್ತುಮಾಡಿರಿ. ಒಮ್ಮೆ ಕೆಲಸದಲ್ಲಿ ಮುಳುಗಿದ ಮೇಲೆ, ನಿಮ್ಮನ್ನು ಎಚ್ಚರಿಸಲು ನೀವೇ ಅಲ್ಲಿ ಇರುವುದಿಲ್ಲ!