ಕೂರಲು ಒಂದು ಜಾಗ: ತೆರೆದ ಬಾಗಿಲು ಹುಡುಕುವವರಿಗೆ ಒಂಬತ್ತು ಸೂತ್ರಗಳು

2022ರ ಸೆಪ್ಟೆಂಬರಿನಲ್ಲಿ ನಮ್ಮ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಉತ್ಸವದ ದೇವರ ಕೋಲನ್ನು ದಲಿತ ಹುಡುಗನೊಬ್ಬ ಮುಟ್ಟಿದನೆಂದು ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಕೂಲಿ ಮಾಡಿ ಮಗನನ್ನು ಓದಿಸುತ್ತಿದ್ದ ತಾಯಿ ಮನೆಯ ದೇವರ ಪಟಗಳನ್ನು ಇಳಿಸಿ ಅಂಬೇಡ್ಕರ್ ಪಟ ಇಟ್ಟರು. ಆ ಸುದ್ದಿ ಓದಿದ ದಿನದಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ದೇವರು ಬೇಕು, ಆದರೆ ಅವಮಾನ ಬೇಡ ಎನ್ನುವವರು ಎಲ್ಲಿಗೆ ಹೋಗಬೇಕು? ಜಾತಿ ಮೀರಿ ಮದುವೆಯಾದವರು, ಗಂಡನನ್ನು ಕಳೆದುಕೊಂಡವರು, ಪೂಜೆಯಲ್ಲಿ ಮನಸ್ಸು ನಿಲ್ಲದಿದ್ದರೂ ಪ್ರಾರ್ಥನೆ ಬಿಡಲಾಗದವರು, ಎಲ್ಲರದೂ ಇದೇ ಹುಡುಕಾಟ.

ಈ ಹುಡುಕಾಟದಲ್ಲಿ ನನಗೆ ಕ್ವೇಕರರು ಸಿಕ್ಕಿದ್ದು ಇಟ್ಟಿಗೆಯ ದಾರಿಯಲ್ಲಿ. ಮಾಲೂರು ಇಟ್ಟಿಗೆ, ಹೆಂಚಿನ ಊರು. ಬಡವರಿಗೆ ಕಡಿಮೆ ಖರ್ಚಿನಲ್ಲಿ ಇಟ್ಟಿಗೆ ಮನೆ ಕಟ್ಟಿಕೊಟ್ಟ ಲಾರಿ ಬೇಕರ್ ಬಗ್ಗೆ ಓದುತ್ತಿದ್ದಾಗ, ಅವರು ಕ್ವೇಕರ್ ಎಂದು ಗೊತ್ತಾಯಿತು. ಪುರೋಹಿತರಿಲ್ಲದ, ಮಂತ್ರವಿಲ್ಲದ, ಸುಮ್ಮನೆ ಸುತ್ತ ಕೂತು ಕಾಯುವ ಕ್ರೈಸ್ತರ ಒಂದು ಪಂಥ ಅದು. ಓದಿದ್ದು, ಕೂತು ನೋಡಿದ್ದು, ನಮ್ಮ ನಾಲ್ಕು ತಾಲ್ಲೂಕು ಸುತ್ತಿದ್ದು, ಇಷ್ಟರಿಂದ ಕಲಿತದ್ದನ್ನು ಕೆಳಗೆ ಕೊಟ್ಟಿದ್ದೇನೆ.

1. ಏನು ಬೇಕೆಂದು ಮೊದಲು ಬರೆದಿಡಿ.
ಭಜನೆಯೋ, ಮೌನವೋ, ಕಷ್ಟಕ್ಕಾಗುವ ನಾಲ್ಕು ಜನವೋ, ಮಕ್ಕಳಿಗೊಂದು ಸಂಸ್ಕಾರವೋ? ಒಂದೇ ಕಡೆ ಎಲ್ಲವೂ ಸಿಗುವುದಿಲ್ಲ. ಮೊದಲನೆಯದು ಯಾವುದೆಂದು ತಿಳಿದರೆ ಅರ್ಧ ದಾರಿ ಮುಗಿದಂತೆ.

2. ಬಾಗಿಲಲ್ಲಿ ಕಿವಿ ತೆರೆದಿಡಿ.
ಯಾರಿಗೆ ‘ಬನ್ನಿ’, ಯಾರಿಗೆ ‘ಬಾ’? ಎಪ್ಪತ್ತು ವರ್ಷದ ಕೂಲಿಯಾಳನ್ನು ಗೌಡರ ಮನೆಯ ಹುಡುಗ ‘ಏನೋ’ ಎಂದು ಕರೆಯುವುದನ್ನು ಕೇಳಿಯೇ ನಾವು ಬೆಳೆದದ್ದು. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲೂ ನಮ್ಮ ‘ನೀನು’, ‘ನೀವು’ ತರಹ ಎರಡು ಮಾತುಗಳಿದ್ದವು. ಕ್ವೇಕರ್ ಪಂಥ ಶುರುಮಾಡಿದ ಜಾರ್ಜ್ ಫಾಕ್ಸ್ ನೇಕಾರನ ಮಗ, ಚಪ್ಪಲಿ ಹೊಲಿಯುವ ಕೆಲಸ ಕಲಿತವನು. ಅವನೂ ಅವನ ಗೆಳೆಯರೂ ನ್ಯಾಯಾಧೀಶನನ್ನೂ ಜಮೀನ್ದಾರನನ್ನೂ ‘ನೀನು’ ಎಂದೇ ಮಾತಾಡಿಸಿದರು. ದೊಡ್ಡವರ ಮುಂದೆ ಟೊಪ್ಪಿ ತೆಗೆಯಲಿಲ್ಲ. ಅದಕ್ಕಾಗಿ ಏಟು ತಿಂದರು, ಜೈಲು ಸೇರಿದರು. ದೇವರ ಮಾತಿಗೆ ನಡುಗು ಎಂದು ಫಾಕ್ಸ್ ಹೇಳಿದ್ದಕ್ಕೆ, 1650ರಲ್ಲಿ ಡರ್ಬಿಯ ನ್ಯಾಯಾಧೀಶ ಹಂಗಿಸಿ ಇಟ್ಟ ಹೆಸರೇ ಕ್ವೇಕರ್, ಅಂದರೆ ನಡುಗುವವರು. ಅವರು ತಮ್ಮನ್ನು ಕರೆದುಕೊಳ್ಳುವುದು ಗೆಳೆಯರು ಎಂದು. ಅವರು ಎಲ್ಲರನ್ನೂ ‘ನೀನು’ ಎಂದರು. ನಾವು ಎಲ್ಲರನ್ನೂ ‘ನೀವು’ ಎನ್ನೋಣ, ಲೆಕ್ಕ ಅದೇ.

3. ಯಾರು ಎಲ್ಲಿ ಕೂರುತ್ತಾರೆ ನೋಡಿ.
ಸ್ವಾಗತ ಭಾಷಣ ನಂಬಬೇಡಿ, ಊಟದ ಪಂಕ್ತಿ ನೋಡಿ. ಬಡಿಸುವವರು ಯಾರು, ಎಲೆ ಎತ್ತುವವರು ಯಾರು, ಅಡುಗೆಮನೆಗೆ ಯಾರಿಗೆ ಪ್ರವೇಶವಿದೆ? ಈ ಪರೀಕ್ಷೆಯಲ್ಲಿ ಕ್ವೇಕರರೂ ಸೋತಿದ್ದಾರೆ. 1688ರಲ್ಲಿ ಅಮೆರಿಕದ ಜರ್ಮನ್‌ಟೌನ್‌ನಲ್ಲಿ ಗುಲಾಮಗಿರಿ ತಪ್ಪೆಂದು ನಾಲ್ವರು ಬರೆದುಕೊಟ್ಟರು. ಗುಲಾಮರನ್ನು ಇಟ್ಟುಕೊಂಡವರು ಸದಸ್ಯರಾಗಿರಕೂಡದೆಂದು ಫಿಲಡೆಲ್ಫಿಯಾದ ಸಭೆ ನಿರ್ಧರಿಸಿದ್ದು 1776ರಲ್ಲಿ, 88 ವರ್ಷ ತಡವಾಗಿ. ಅದಾದ ಮೇಲೂ ಅದೇ ಊರಿನಲ್ಲಿ ಕಪ್ಪು ಜನರನ್ನು ಬೇರೆ ಬೆಂಚಿನಲ್ಲಿ ಕೂರಿಸುತ್ತಿದ್ದರು. ಸಾರಾ ಡಗ್ಲಸ್ ಎಂಬ ಶಿಕ್ಷಕಿ ತಾಯಿಯ ಪಕ್ಕ ಆ ಬೆಂಚಿನಲ್ಲಿ ಕೂತ ನೋವನ್ನು ಬರೆದಿಟ್ಟಿದ್ದಾರೆ. ಯಾವ ಪಂಥವನ್ನೂ ಹೆಸರು ನೋಡಿ ಒಪ್ಪಿಕೊಳ್ಳಬೇಡಿ, ಬೆಂಚು ನೋಡಿ.

4. ದೂರ ನೋಡುವ ಮುಂಚೆ ನಿಮ್ಮ ಜಿಲ್ಲೆ ಸುತ್ತಿ.
ಮುಳಬಾಗಿಲಿನ ಹೈದರ್ ವಲಿ ದರ್ಗಾಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ. ಅಲ್ಲಿ ಹತ್ತು ನಿಮಿಷ ಕೂತು ಬನ್ನಿ. ಅದೇ ಊರಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ವೃಂದಾವನವಿದೆ. ಸಂಸ್ಕೃತವೇ ಮೇಲೆಂಬ ಕಾಲದಲ್ಲಿ ದೇವರನ್ನು ಕನ್ನಡದಲ್ಲಿ ಹಾಡಿ ಕರೆದ ಯತಿ ಅವರು. ಬಳೆ ಮಾರುತ್ತಿದ್ದ ಕೈವಾರ ತಾತಯ್ಯನವರ ಪದಗಳನ್ನು ತೆಲುಗು ಮನೆಮಾತಿನವರೂ ಕನ್ನಡದವರೂ ಒಟ್ಟಿಗೆ ಕೂತು ಹಾಡುತ್ತಾರೆ. ಕೈವಾರ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ ಪದಗಳು ನಮ್ಮಲ್ಲೇ ಉಳಿದಿವೆ. ಕೋಲಾರದಲ್ಲಿ 1910ರಿಂದ ಇ.ಟಿ.ಸಿ.ಎಂ. ಆಸ್ಪತ್ರೆ ನಡೆಸಿಕೊಂಡು ಬಂದ ಮೆಥಡಿಸ್ಟರಿದ್ದಾರೆ. ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆಯ ರಾತ್ರಿ ಹಾಡು, ನಾಟಕಕ್ಕೆ ಜನ ಸೇರಿಸಿದ್ದಾರೆ. ಅದು ಧರ್ಮದ ಕೂಟವಲ್ಲ. ಆದರೆ ಬಯಲಲ್ಲಿ ಬೆಳದಿಂಗಳಲ್ಲಿ ಎಲ್ಲರೂ ನೆಲದ ಮೇಲೆ ಕೂತರೆ ಯಾರ ಜಾಗ ಯಾವುದೆಂದು ಗೊತ್ತಾಗುವುದಿಲ್ಲ. ನನಗೆ ಅದೇ ದೊಡ್ಡದು.

ಕೆ.ಜಿ.ಎಫ್. ಕಥೆಯನ್ನು ನಾವು ಹೆಚ್ಚು ಹೇಳಿಕೊಳ್ಳಬೇಕು. ತಮಿಳು ದಲಿತ ಚಿಂತಕ ಅಯೋತಿ ದಾಸರು 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಶಾಖೆ ಕೆ.ಜಿ.ಎಫ್.ನ ಚಾಂಪಿಯನ್ ರೀಫ್‌ನ ಗಣಿ ಕಾರ್ಮಿಕರ ನಡುವೆ ಬೆಳೆಯಿತು. ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧರಾಗಿದ್ದು 1956ರಲ್ಲಿ. ಅದಕ್ಕೆ ಎಷ್ಟೋ ದಶಕ ಮೊದಲೇ ನಮ್ಮ ಜಿಲ್ಲೆಯ ಕಾರ್ಮಿಕರು, ಕರೆಯದ ಗುಡಿಯ ಮುಂದೆ ಕಾಯುವುದನ್ನು ಬಿಟ್ಟು ತಮ್ಮ ಮನೆಯನ್ನು ತಾವೇ ಕಟ್ಟಿಕೊಂಡಿದ್ದರು.

5. ಒಂದು ಗಂಟೆ ಮೌನವಾಗಿ ಕೂತು ನೋಡಿ.
ಕ್ವೇಕರ್ ಸಭೆಯಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿರುತ್ತಾರೆ. ಮಧ್ಯೆ ಒಂದು ಮೇಜು, ಅದರ ಮೇಲೆ ಹೂವೋ ಪುಸ್ತಕವೋ. ಯಾರೂ ಶುರು ಮಾಡುವುದಿಲ್ಲ. ಮೊದಲು ಬಂದವರು ಕೂತಾಗಲೇ ಆರಾಧನೆ ಶುರು. ಒಳಗಿನಿಂದ ತಡೆಯಲಾಗದ ಮಾತು ಬಂದರೆ ಹೆಂಗಸಾಗಲಿ ಗಂಡಸಾಗಲಿ ಎದ್ದು ಹೇಳಿ ಕೂರುತ್ತಾರೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ವಾದಕ್ಕೆ ಇಳಿಯುವುದಿಲ್ಲ. ಗಂಟೆ ಮುಗಿದಾಗ ಪಕ್ಕದವರ ಕೈ ಕುಲುಕುತ್ತಾರೆ, ಅಷ್ಟೆ.

ನಾವು ನಾಲ್ವರು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಹಿಂದಿನ ಒಂದು ಮನೆಯಲ್ಲಿ ಇದನ್ನು ಮಾಡಿ ನೋಡಿದೆವು. ಮೊದಲ ಹತ್ತು ನಿಮಿಷ ಬರೀ ಸದ್ದು: ಲಾರಿ ಹಿಂದಕ್ಕೆ ತೆಗೆಯುವ ಸದ್ದು, ಕುಕ್ಕರ್ ವಿಶಲ್, ಯಾರದೋ ಫೋನು. ಇಪ್ಪತ್ತನೇ ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. ಅರ್ಧ ಗಂಟೆ ದಾಟಿದ ಮೇಲೆ ಸದ್ದು ಹೊರಗೇ ಇತ್ತು, ನಮಗೆ ತಾಗಲಿಲ್ಲ. ನಮ್ಮಲ್ಲೊಬ್ಬರು, ಎರಡು ವರ್ಷದ ಹಿಂದೆ ತೀರಿಕೊಂಡ ಅಣ್ಣನ ಹೆಸರನ್ನು ಒಂದು ಸಲ ಹೇಳಿದರು. ಸಮಾಧಾನ ಹೇಳಲು ನಾನು ಬಾಯಿ ತೆರೆದೆ, ತಡೆದುಕೊಂಡೆ. ತಡೆದುಕೊಂಡದ್ದೇ ಒಳ್ಳೆಯದಾಯಿತು. ಹಾಗೆ ಯಾರೂ ನಡುವೆ ಬಾಯಿ ಹಾಕದೆ ತಮ್ಮ ದುಃಖ ಕೇಳಿಸಿಕೊಂಡದ್ದು ಅದೇ ಮೊದಲು ಎಂದು ಅವರು ಆಮೇಲೆ ಚಹಾ ಕುಡಿಯುತ್ತಾ ಹೇಳಿದರು.

6. ಅಮ್ಮ ಕೊಟ್ಟ ಸರ ಹರಿಯಬೇಡಿ.
1893ರಲ್ಲಿ ಪ್ರಿಟೋರಿಯಾದಲ್ಲಿ ಗಾಂಧೀಜಿಗೆ ಕೋಟ್ಸ್ ಎಂಬ ಕ್ವೇಕರ್ ಗೆಳೆಯ ಸಿಕ್ಕರು. ತುಂಬು ಪ್ರೀತಿಯ ಮನುಷ್ಯ. ಗಾಂಧೀಜಿಯ ಕೊರಳಲ್ಲಿದ್ದ ತುಳಸಿ ಮಣಿಯ ಸರ ನೋಡಿ, ಇದು ಮೂಢನಂಬಿಕೆ, ಹರಿದುಹಾಕುತ್ತೇನೆ ಎಂದರು. ಗಾಂಧೀಜಿ ಒಪ್ಪಲಿಲ್ಲ. ತಾಯಿ ಪ್ರೀತಿಯಿಂದ ಹಾಕಿದ ಸರ ಅದು. ಸರವೂ ಉಳಿಯಿತು, ಗೆಳೆತನವೂ ಉಳಿಯಿತು. ಹೊಸ ಸಮುದಾಯ ನಿಮ್ಮ ಕುಂಕುಮ, ಟೊಪ್ಪಿ, ಜಪಮಾಲೆಗೆ ಕೈ ಹಾಕಿದರೆ ನಗುತ್ತಲೇ ಬೇಡವೆನ್ನಿ. ಆಮೇಲೆ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಲ್ಲಿ ಎಲ್ಲವೂ ತಿಳಿಯುತ್ತದೆ.

7. ತೀರ್ಮಾನ ಹೇಗಾಗುತ್ತದೆಂದು ಕೇಳಿ.
ಕ್ವೇಕರರ ಸಭೆಯಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಒಬ್ಬರ ಮನಸ್ಸು ಒಪ್ಪದಿದ್ದರೂ ನಿಂತು, ಮತ್ತೆ ಮೌನವಾಗಿ ಕೂತು, ಬೇಕಾದರೆ ಮುಂದಿನ ತಿಂಗಳಿಗೆ ಇಡುತ್ತಾರೆ. ತಡವಾಗುತ್ತದೆ, ನಿಜ. ಆದರೆ ಯಾರನ್ನೂ ತುಳಿದು ಮುಂದೆ ಹೋಗುವುದಿಲ್ಲ. ಹಣದ ಲೆಕ್ಕವನ್ನೂ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಚಪ್ಪಲಿ ಮೆಟ್ಟಿಕೊಂಡು ಬನ್ನಿ.

8. ಬಾಗಿಲಾಚೆಯ ಕೆಲಸ ನೋಡಿ.
ಒಳಗೆ ಸುಮ್ಮನಿರುವವರು ಹೊರಗೂ ಸುಮ್ಮನಿದ್ದರೆ ಅಂಥ ಮೌನ ಬೇಡ. ಯುದ್ಧಕ್ಕೆ ಬಂದೂಕು ಹಿಡಿಯಲೊಪ್ಪದ ಬೇಕರ್ ಆಂಬುಲೆನ್ಸ್ ದಳ ಸೇರಿ ಚೀನಾಕ್ಕೆ ಹೋದರು. ಅಲ್ಲಿ ಕುಷ್ಠರೋಗಿಗಳ ಸೇವೆ ಮಾಡಿ, ಆಮೇಲೆ ಭಾರತಕ್ಕೆ ಬಂದು ಇಲ್ಲಿಯವರೇ ಆಗಿ 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. ಇನ್ನೊಬ್ಬ ಕ್ವೇಕರ್ ಮಾರ್ಜರಿ ಸೈಕ್ಸ್ ಮದರಾಸಿಗೆ ಪಾಠ ಹೇಳಲು ಬಂದವರು ಶಾಂತಿನಿಕೇತನ, ಸೇವಾಗ್ರಾಮಗಳಲ್ಲಿ ದುಡಿದು, ನಮಗೆ ಹತ್ತಿರದ ನೀಲಗಿರಿಯ ಕೋಟಗಿರಿಯಲ್ಲೂ ವರ್ಷಗಟ್ಟಲೆ ಇದ್ದರು. 1947ರ ನೊಬೆಲ್ ಶಾಂತಿ ಪ್ರಶಸ್ತಿ ಬ್ರಿಟನ್, ಅಮೆರಿಕಗಳ ಎರಡು ಕ್ವೇಕರ್ ಸೇವಾಸಂಸ್ಥೆಗಳಿಗೆ ಸಂದಿತು.

9. ದೊಡ್ಡ ಗುಂಪಿಗೆ ಕಾಯಬೇಡಿ.
ನಮ್ಮ ದೇಶದಲ್ಲಿ ಕ್ವೇಕರರ ಹಳೆಯ ನೆಲೆ ಮಧ್ಯಪ್ರದೇಶದಲ್ಲಿ ಈಗ ನರ್ಮದಾಪುರಂ ಎನ್ನುವ ಹೋಶಂಗಾಬಾದ್ ಕಡೆ, ಕೋಲಾರದಿಂದ ರೈಲಿನಲ್ಲಿ ಬಹಳ ದೂರ. ಇಂಗ್ಲೆಂಡಿನ ವುಡ್‌ಬ್ರುಕ್ ಎಂಬ ಕ್ವೇಕರ್ ಸಂಸ್ಥೆಯವರು ಆನ್‌ಲೈನ್ ಮೌನಸಭೆ ನಡೆಸಿದ್ದಾರೆ. ಆ ಸಂಸ್ಥೆಯ ಹಳೆಯ ಕಟ್ಟಡಕ್ಕೆ ಗಾಂಧೀಜಿ 1931ರಲ್ಲಿ ಹೋಗಿದ್ದರು. ಅಂಥ ಆನ್‌ಲೈನ್ ಸಭೆ ಸಿಕ್ಕರೆ ಒಮ್ಮೆ ಸೇರಿ ನೋಡಿ. ಆದರೆ ಕ್ವೇಕರ್ ಆಗಲೇಬೇಕೆಂದಿಲ್ಲ. ಗಾಂಧೀಜಿ ಹತ್ಯೆಯ ನಂತರದ ವರ್ಷಗಳಲ್ಲಿ ಹೊರೇಸ್ ಅಲೆಕ್ಸಾಂಡರ್ ಎಂಬ ಕ್ವೇಕರ್ ಮತ್ತು ಗೆಳೆಯರು, ಹಿಂದೂ, ಮುಸ್ಲಿಂ, ಕ್ರೈಸ್ತರೆಲ್ಲ ತಮ್ಮ ತಮ್ಮ ಧರ್ಮದಲ್ಲಿದ್ದುಕೊಂಡೇ ಒಟ್ಟಿಗೆ ಮೌನವಾಗಿ ಕೂರುವ ಸತ್ಯದ ಗೆಳೆಯರ ಕೂಟವೊಂದನ್ನು ಭಾರತದಲ್ಲೇ ಶುರು ಮಾಡಿದ್ದರು. ಅಷ್ಟಕ್ಕೆ ಬೇಕಾದದ್ದು ಎರಡು ಚಾಪೆ, ಒಂದು ಗಡಿಯಾರ, ಮೂರು ಜನ.

ಶ್ರೀನಿವಾಸಪುರದಲ್ಲಿ ನಾವು ಹೀಗೆ ಕೂರತೊಡಗಿದ ಮೂರನೆಯ ವಾರ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, ‘ಏನಪ್ಪಾ, ಬಾಯಿ ಮುಚ್ಚಿಕೊಂಡು ಏನ್ ಮಾಡ್ತಿದ್ದೀರಿ?’ ಎಂದರು. ‘ಕೂತಿದ್ದೀವಿ ಅಜ್ಜಿ, ಬನ್ನಿ’ ಎಂದೆವು. ಗೋಡೆಗೊರಗಿ ಕೂತರು. ಈಗ ಅವರು ಕುಳಿತ ಮೇಲೆಯೇ ಗಡಿಯಾರ ನೋಡುತ್ತೇವೆ. ಭಾನುವಾರ ಬೆಳಗ್ಗೆ ಏಳಕ್ಕೆ ಸೇರುತ್ತೇವೆ. ಮಾವಿನ ಕಾಲದಲ್ಲಿ ಮಂಡಿ ಕೆಲಸದವರಿಗೆ ಬೆಳಗ್ಗೆ ಆಗುವುದಿಲ್ಲವಾದ್ದರಿಂದ ಸಂಜೆಗೆ ಇಟ್ಟುಕೊಳ್ಳುತ್ತೇವೆ.