ಹಳೇ ಚೀಟಿಯ ಮಾತ್ರೆ, ಕೈತಪ್ಪುವ ಪರಿಹಾರ

ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಾಯಿಯ ಕಾಗದಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ನನ್ನ ಕಚೇರಿಗೆ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ ಆ ಅಜ್ಜಿಗೆ ದಾವಣಗೆರೆಯಲ್ಲಿ ಖಿನ್ನತೆಯ ಮಾತ್ರೆ ಬರೆದುಕೊಟ್ಟಿದ್ದರು. ಬಿ.ಪಿ. ಮಾತ್ರೆ ಮೊದಲಿಂದಲೂ ಇತ್ತು. ಎಂಟನೇ ತಿಂಗಳಿಗೆ ಮಂಪರು, ಗೊಂದಲ. ಬಚ್ಚಲಲ್ಲಿ ಬಿದ್ದು ಸೊಂಟ ಮುರಿಯಿತು. ರಕ್ತದಲ್ಲಿ ಸೋಡಿಯಂ ತೀರಾ ಇಳಿದಿತ್ತು. ವಯಸ್ಸಾದವರಿಗೆ, ಅದರಲ್ಲೂ ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ನುಂಗುವವರಿಗೆ, ಖಿನ್ನತೆಯ ಹಲವು ಮಾತ್ರೆಗಳಿಂದ ಹೀಗಾಗಬಹುದೆಂದು ವೈದ್ಯರಿಗೆ ಗೊತ್ತೇ ಇರುತ್ತದೆ.

ಕವರಿನಲ್ಲಿ ಎಕ್ಸ್‌ರೇ ಇತ್ತು, ಡಿಸ್ಚಾರ್ಜ್ ಸಮ್ಮರಿ ಇತ್ತು. ಮಾತ್ರೆ ಕೊಂಡ ಬಿಲ್ಲು ಒಂದೂ ಇರಲಿಲ್ಲ. ಚೀಟಿ? “ಮಗಳ ಮದುವೆ ಮಾತುಕತೆ ನಡೀತಿತ್ತು ಸಾರ್, ಯಾರಾದ್ರೂ ನೋಡಿದ್ರೆ ಕಷ್ಟ ಅಂತ ಹರಿದು ಹಾಕಿದ್ವಿ.” ಅರ್ಧ ಕೇಸು ಆ ಚೀಟಿಯ ಜೊತೆಗೇ ಹೋಗಿತ್ತು.

ನಮ್ಮ ಜಿಲ್ಲೆಯಲ್ಲಿ ಜನ ಖಿನ್ನತೆಯ ಮಾತ್ರೆಯನ್ನು ‘ನರದ ಮಾತ್ರೆ’ ಎನ್ನುತ್ತಾರೆ. ಡಾಕ್ಟರು ಒಂದು ತಿಂಗಳಿಗೆ ಬರೆದದ್ದನ್ನು ಅದೇ ಚೀಟಿ ತೋರಿಸಿ ವರ್ಷಗಟ್ಟಲೆ ತರುತ್ತಾರೆ. ಹೆಚ್ಚಿನವರು ಸೋಲುವುದು ಇಲ್ಲೇ. ಪರಿಹಾರ ಕೇಳಿ ಹೋದರೆ ಗ್ರಾಹಕರ ಆಯೋಗದ ಮುಂದೆ ಡಾಕ್ಟರು “ನಾನು ಬರೆದದ್ದು ಒಂದೇ ತಿಂಗಳಿಗೆ” ಎನ್ನುತ್ತಾರೆ. ಮಾತ್ರೆ ತಯಾರಿಸಿದ ಕಂಪನಿ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 87ನೇ ಕಲಂ ತೋರಿಸುತ್ತದೆ: ತಜ್ಞರ ನಿಗಾದಲ್ಲೇ ಬಳಸಬೇಕಾದ ವಸ್ತುವಿನ ಬಗ್ಗೆ ಆ ತಜ್ಞರಿಗೆ ಎಚ್ಚರಿಕೆ ತಲುಪಿಸಿದ್ದರೆ, ‘ಎಚ್ಚರಿಸಲಿಲ್ಲ’ ಎಂಬ ದೂರಿಗೆ ತಯಾರಕರು ಹೊಣೆಯಲ್ಲ. ಅಂಗಡಿಯವನು “ನಮ್ಮಲ್ಲಿ ಕೊಂಡೇ ಇಲ್ಲ” ಎಂದುಬಿಡುತ್ತಾನೆ.

ತಪ್ಪು ಅಂಗಡಿಯದ್ದೂ ಹೌದು. ಇವು ಶೆಡ್ಯೂಲ್ ಎಚ್ ಔಷಧಗಳು, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದವು. ಡ್ರಗ್ಸ್ ರೂಲ್ಸ್ 1945ರ 65ನೇ ನಿಯಮದಂತೆ, ವೈದ್ಯರು ಹಾಗೆಂದು ಬರೆಯದಿದ್ದರೆ ಒಂದು ಚೀಟಿಗೆ ಎರಡನೇ ಸಲ ಕೊಡುವಂತಿಲ್ಲ. ಬರೆದದ್ದರ ಬದಲು “ಇದೂ ಅದೇ” ಎಂದು ಬೇರೆ ಬ್ರಾಂಡ್ ಕೊಡುವಂತೆಯೂ ಇಲ್ಲ. ಬಿಲ್ಲು ಕೇಳಿದರೆ ಮುಖ ಸಿಂಡರಿಸಿ, ನಾಲ್ಕು ಮಾತ್ರೆ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುವ ಅಂಗಡಿಯವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಯಾವುದೂ ನಿಮ್ಮ ಕೈಗೆ ಸಿಗುವುದಿಲ್ಲ. ಫೋನ್‌ಪೇಯಲ್ಲಿ ಹಣ ಕೊಟ್ಟಿದ್ದರೆ ಆ ದಾಖಲೆ ತೆಗೆದಿಡಿ. ಆದರೆ ಹಣ ಕೊಟ್ಟದ್ದನ್ನಷ್ಟೇ ಅದು ಹೇಳುತ್ತದೆ, ಯಾವ ಮಾತ್ರೆ ಎಂದು ಹೇಳುವುದಿಲ್ಲ.

ಈಗ ಮಾಡಬೇಕಾದ್ದು.

ಮೊದಲನೆಯದು, ಹೆದರಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ಅದರಿಂದಲೇ ಬೇರೆ ತೊಂದರೆ ಆಗಬಹುದು. ವೈದ್ಯರ ಬಳಿ ಹೋಗಿ, ಆದ ತೊಂದರೆಯನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಸಾಯುವ ಯೋಚನೆ ಬರುತ್ತಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ.

ಎರಡನೆಯದು, ದಾಖಲೆ. ಒಳರೋಗಿಯಾಗಿದ್ದರೆ ಆಸ್ಪತ್ರೆ ಮೂರು ವರ್ಷ ದಾಖಲೆ ಇಡಬೇಕು, ಕೇಳಿದ 72 ಗಂಟೆಯೊಳಗೆ ಕೊಡಬೇಕು. ಇದು 2002ರ ವೈದ್ಯಕೀಯ ನಡತೆ ನಿಯಮ. “ಸಾಹೇಬ್ರು ಬರಲಿ” ಎಂದು ಓಡಾಡಿಸುವ ಗುಮಾಸ್ತರ ಮುಂದೆ ಕೈಕಟ್ಟಿ ನಿಲ್ಲಬೇಡಿ. ಅರ್ಜಿ ಕೊಟ್ಟು ನಕಲಿಗೆ ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಹೊರರೋಗಿಯ ಚೀಟಿ ಮಾತ್ರ ಸಾಮಾನ್ಯವಾಗಿ ನಿಮ್ಮ ಕೈಲಷ್ಟೇ ಇರುತ್ತದೆ, ಕಳೆದರೆ ಹೋಯಿತು.

ಮೂರನೆಯದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು. ಡಾಕ್ಟರು ದಾವಣಗೆರೆ, ಬೆಂಗಳೂರಿನಲ್ಲಿದ್ದರೂ ಹಿರಿಯೂರು, ಹೊಸದುರ್ಗದವರು ಚಿತ್ರದುರ್ಗದಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಲೆಕ್ಕಕ್ಕೆ ಬರುವುದು ಕೊಟ್ಟ ಹಣ, ಕೇಳುವ ಪರಿಹಾರವಲ್ಲ. ವಕೀಲರಿಲ್ಲದೆಯೂ ನೀವೇ ವಾದಿಸಬಹುದು. ಅವಧಿ ಎರಡು ವರ್ಷ; ಹಾನಿಯಾದ ದಿನದಿಂದಲೇ ಎಣಿಸಿಕೊಳ್ಳಿ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಆಯೋಗ ಮನ್ನಿಸಬಹುದು, ಅದನ್ನೇ ನಂಬಿ ಕೂರಬೇಡಿ.

ಎಲ್ಲರಿಗೂ ಉಚಿತವಾಗಿ ನೋಡುವ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಗೆ ಈ ದಾರಿ ಇಲ್ಲ. ನೋಂದಣಿ ಚೀಟಿಗೆ ಕೊಟ್ಟ ಪುಡಿಗಾಸಿನಿಂದ ನೀವು ಗ್ರಾಹಕರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ತೀರ್ಪಿನಲ್ಲೇ ಹೇಳಿದೆ. ಅಂಥವರು ಸಿವಿಲ್ ಕೋರ್ಟಿಗೆ ಹೋಗಬೇಕು.

ಅಡ್ಡಪರಿಣಾಮ ಆಯಿತು ಎಂಬಷ್ಟಕ್ಕೇ ಪರಿಹಾರ ಸಿಗುವುದಿಲ್ಲ. ಎಚ್ಚರಿಸಲಿಲ್ಲ, ಬೇರೆ ಮಾತ್ರೆಗಳ ಬಗ್ಗೆ ಕೇಳಲಿಲ್ಲ, ಪ್ರಮಾಣ ತಪ್ಪಿತ್ತು ಎಂಬಂಥ ನಿರ್ಲಕ್ಷ್ಯವನ್ನು ತೋರಿಸಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 22ನೇ ಕಲಂ ಇಲ್ಲಿ ನೆರವಿಗೆ ಬರುತ್ತದೆ: ಚಿಕಿತ್ಸೆಯ ಗೊತ್ತಿರುವ ಅಡ್ಡಪರಿಣಾಮಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲೇಬೇಕು.

“ಸರ್ಕಾರವೇ ಮಾತ್ರೆ ನಿಷೇಧಿಸಿದರೆ?” ಎನ್ನುವವರಿಗೆ ಡಿಯಾನ್ಕ್ಸಿಟ್ ನೆನಪಿಸುತ್ತೇನೆ. ಆ ಖಿನ್ನತೆ ಮಾತ್ರೆಯ ಬಗ್ಗೆ 2012ರಲ್ಲಿ ಸಂಸದೀಯ ಸಮಿತಿ ಆಕ್ಷೇಪ ಎತ್ತಿತು. 2013ರ ಜೂನ್‌ನಲ್ಲಿ ಕೇಂದ್ರ ಮಾರಾಟ ತಡೆಯಿತು. ಕಂಪನಿ ನಮ್ಮ ಹೈಕೋರ್ಟಿಗೆ ಹೋಯಿತು. ಆ ಜಗಳ ಸರ್ಕಾರಕ್ಕೂ ಕಂಪನಿಗೂ. ನುಂಗಿ ನೊಂದವರು ತಮ್ಮ ಪರಿಹಾರವನ್ನು ತಾವೇ ಕೇಳಬೇಕು. 1800-180-3024ಕ್ಕೆ ಕರೆ ಮಾಡಿ ಅಡ್ಡಪರಿಣಾಮ ವರದಿ ಮಾಡುವುದೂ ಹಾಗೆಯೇ: ಮುಂದಿನವರಿಗೆ ಉಪಕಾರ, ನಿಮಗೆ ಪರಿಹಾರವಲ್ಲ.

“ಸ್ಟೇಷನ್‌ನಲ್ಲಿ ಕೇಸ್ ಹಾಕಿಸಿ ಸೆಟ್ಲ್ ಮಾಡಿಸ್ತೀನಿ” ಎನ್ನುವ ಬ್ರೋಕರ್‌ಗಳನ್ನು ದೂರವಿಡಿ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಂತರ, ಬೇರೊಬ್ಬ ವೈದ್ಯರ ಅಭಿಪ್ರಾಯವಿಲ್ಲದೆ ಪೊಲೀಸರು ವೈದ್ಯರ ಮೇಲೆ ಮುಂದುವರಿಯುವಂತಿಲ್ಲ. ನೀವು ಠಾಣೆಗೆ ಅಲೆಯುವಾಗಲೂ ಆ ಎರಡು ವರ್ಷ ಸವೆಯುತ್ತಲೇ ಇರುತ್ತದೆ. ಅಸಲು ಕಾಗದ ಯಾರಿಗೂ ಕೊಡಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಮನೋರೋಗಿಗಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ತಾಲ್ಲೂಕು ಕೋರ್ಟಿನಲ್ಲೇ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಆ ಅಜ್ಜಿ ಈಗ ಕೋಲು ಹಿಡಿದು ಓಡಾಡುತ್ತಾರೆ. ಆಪರೇಷನ್ನಿಗೆ ಮಾಡಿದ ಸಾಲ ಇನ್ನೂ ತೀರಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಈ ಮಾತ್ರೆ ನುಂಗುತ್ತಿದ್ದರೆ ಚೀಟಿಯ ಮೇಲಿನ ತಾರೀಕು ಇವತ್ತೇ ನೋಡಿ. ಹಳೆಯದಾಗಿದ್ದರೆ ಡಾಕ್ಟರ ಹತ್ತಿರ ಹೋಗಿ ಹೊಸದು ಬರೆಸಿ, ಅಂಗಡಿಯಲ್ಲಿ ಬಿಲ್ಲು ಕೇಳಿ ಪಡೆಯಿರಿ, ಎರಡನ್ನೂ ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ.